ಜಾಲತಾಣದ ವಿಚಾರಣಾ ಪತ್ರ ಎಲ್ಲಿ ನಿಂತುಹೋಗುತ್ತದೆ?

ನಮ್ಮ ಸಂಸ್ಥೆಯ ಸದಸ್ಯರಲ್ಲಿ ಅನೇಕರಿಗೆ ಇಂದು ಸ್ವಂತ ಜಾಲತಾಣವಿದೆ. ದೇವರಾಜ ಮಾರುಕಟ್ಟೆಯ ಸುತ್ತಲಿನ ಮಳಿಗೆಗಳಿಂದ ಮೊದಲ್ಗೊಂಡು ಹೆಬ್ಬಾಳ, ಹೂಟಗಳ್ಳಿ, ಕಡಕೊಳಗಳ ಕೈಗಾರಿಕಾ ಘಟಕಗಳವರೆಗೆ, ಹೊರ ಊರಿನ ಗ್ರಾಹಕರು ಮೊದಲು ನೋಡುವುದು ಆ ತಾಣವನ್ನೇ. ತಾಣದ ಕೊನೆಯಲ್ಲಿ ‘ನಮ್ಮನ್ನು ಸಂಪರ್ಕಿಸಿ’ ಎಂಬ ಪುಟವಿರುತ್ತದೆ. ಹೆಸರು, ಇ-ಮೇಲ್ ವಿಳಾಸ, ಸಂದೇಶಗಳನ್ನು ತುಂಬಿ ಗುಂಡಿ ಒತ್ತಿದೊಡನೆ ‘ಧನ್ಯವಾದಗಳು, ತಮ್ಮ ಸಂದೇಶ ತಲುಪಿದೆ’ ಎಂಬ ಸಾಲು ಪರದೆಯ ಮೇಲೆ ಮೂಡುತ್ತದೆ. ಆ ಸಾಲನ್ನು ನಂಬಿ ಈ ಲೇಖಕನು ನಷ್ಟಪಟ್ಟ ಬಗೆಯನ್ನು ಮೊದಲು ತಿಳಿಸಿ, ಅನಂತರ ಪತ್ರವು ಎಲ್ಲಿ ನಿಂತಿತೆಂದು ಕಂಡುಹಿಡಿಯುವ ಕ್ರಮವನ್ನು ವಿವರಿಸುವುದು ಇಲ್ಲಿನ ಉದ್ದೇಶ.

ನಮ್ಮದು ಬೀಟೆ ಮರದ ಇನ್‌ಲೇ ಕೆಲಸದ ಸಣ್ಣ ಘಟಕ. 2023ರ ಜೂನ್ ತಿಂಗಳಲ್ಲಿ ನಮ್ಮ ಇ-ಮೇಲ್ ಸೇವೆಯನ್ನು ಹಳೆಯ ಹೋಸ್ಟಿಂಗ್ ಕಂಪನಿಯಿಂದ ಬೇರೊಂದು ದೊಡ್ಡ ಕಂಪನಿಯ ಸೇವೆಗೆ ವರ್ಗಾಯಿಸಿದೆವು. ಜಾಲತಾಣ ಮಾತ್ರ ಹಳೆಯ ಸರ್ವರಿನಲ್ಲಿಯೇ ಉಳಿಯಿತು. ಇ-ಮೇಲ್ ಮೊದಲಿಗಿಂತ ಚೆನ್ನಾಗಿ ನಡೆಯಿತು. ತಾಣದಿಂದ ವಿಚಾರಣೆಗಳು ಬರುವುದು ನಿಂತದ್ದನ್ನು ಗಮನಿಸಿದೆವಾದರೂ, ಮಳೆಗಾಲದ ಮಂದ ವ್ಯಾಪಾರವೆಂದು ಸಮಾಧಾನಪಟ್ಟುಕೊಂಡೆವು. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನಮ್ಮ ಆರು ಮಂದಿ ಕುಶಲಕರ್ಮಿಗಳಿಗೆ ಪೂರ್ಣ ದಿನದ ಕೆಲಸ ಕೊಡಲಾಗಲಿಲ್ಲ. ದಸರಾ ಸಮಯದಲ್ಲಿ ಕುಟುಂಬ ಸಮೇತ ನಗರಕ್ಕೆ ಬಂದಿದ್ದ ಪುಣೆಯ ಗ್ರಾಹಕರೊಬ್ಬರು ಅಂಗಡಿಗೆ ಬಂದು, “ದೀಪಾವಳಿ ಉಡುಗೊರೆಗಾಗಿ ಮುನ್ನೂರು ಪೆಟ್ಟಿಗೆ ಬೇಕೆಂದು ತಮಗೆ ಮೂರು ಬಾರಿ ಬರೆದೆವು. ಉತ್ತರ ಬರದ ಕಾರಣ ಬೇರೆಡೆ ಕೊಂಡೆವು” ಎಂದಾಗ ನಮಗೆ ವಿಷಯ ತಿಳಿಯಿತು. ಮೂರು ಬಾರಿಯೂ ಅವರಿಗೆ ಕಂಡದ್ದು ‘ತಮ್ಮ ಸಂದೇಶ ತಲುಪಿದೆ’ ಎಂಬ ಸಾಲೇ.

ತಾಣವನ್ನು ರಚಿಸಿಕೊಟ್ಟಿದ್ದ ವಿನ್ಯಾಸಕಾರರನ್ನು ಕೇಳಿದೆವು. ಅವರು ಫಾರಂನಲ್ಲಿ ತಮ್ಮ ಸ್ವಂತ ಜಿಮೇಲ್ ವಿಳಾಸವನ್ನು ಹಾಕಿ ಪರೀಕ್ಷಿಸಿದರು, ಪತ್ರ ಕೂಡಲೇ ಬಂದಿತು, “ಫಾರಂ ಸರಿಯಾಗಿದೆ ಸಾರ್” ಎಂದು ಫೋನಿಟ್ಟರು. ಅವರು ಹೇಳಿದ್ದು ಸುಳ್ಳಲ್ಲ. ದೋಷದ ಸುಳಿವು ಆ ಮಾತಿನಲ್ಲಿಯೇ ಅಡಗಿತ್ತೆಂಬುದು ನಮಗೆ ಹೊಳೆದದ್ದು ಇನ್ನೂ ಒಂದು ವಾರದ ಬಳಿಕ.

ಪತ್ರ ಸಾಗುವ ದಾರಿ

ಗ್ರಾಹಕರು ಗುಂಡಿ ಒತ್ತಿದಾಗ ಅವರ ಇ-ಮೇಲ್‌ನಿಂದ ಯಾವ ಪತ್ರವೂ ಹೊರಡುವುದಿಲ್ಲ. ಅವರು ತುಂಬಿದ ವಿವರಗಳು ನಮ್ಮ ತಾಣವಿರುವ ಸರ್ವರಿಗೆ ಹೋಗುತ್ತವೆ. ಅಲ್ಲಿರುವ ಒಂದು ಸಣ್ಣ ತಂತ್ರಾಂಶವು ಆ ವಿವರಗಳನ್ನು ಪತ್ರದ ರೂಪಕ್ಕೆ ತಂದು, ಅದೇ ಸರ್ವರಿನ ಅಂಚೆ ವಿಭಾಗದ ಕೈಗೆ ಕೊಡುತ್ತದೆ. ಅಂಚೆ ವಿಭಾಗವು ಪತ್ರವನ್ನು ತೆಗೆದುಕೊಂಡಿತೆಂದರೆ ಸಾಕು, ಪರದೆಯ ಮೇಲೆ ಧನ್ಯವಾದ ಮೂಡುತ್ತದೆ. ಡಬ್ಬಿಗೆ ಪತ್ರ ಹಾಕಿದ ಹುಡುಗನು ಹಿಂದಿರುಗಿ “ಹಾಕಿ ಬಂದೆ” ಎಂದು ಹೇಳಿದಂತೆ ಇದು. ಪತ್ರ ವಿಳಾಸದಾರರ ಕೈಸೇರಿತೇ ಎಂಬುದು ಆತನಿಗೆ ತಿಳಿಯದು.

ಇಲ್ಲಿಂದ ಮುಂದೆ ಪತ್ರವು ಮೂರು ಕಡೆ ನಿಲ್ಲಬಹುದು. ಹೊರಡುವ ಸರ್ವರಿನಲ್ಲಿಯೇ ಉಳಿಯಬಹುದು. ಸ್ವೀಕರಿಸುವ ಕಂಪನಿಯ ಬಾಗಿಲಲ್ಲಿ ತಿರಸ್ಕೃತವಾಗಬಹುದು. ಒಳಗೆ ಬಂದರೂ ಸ್ಪ್ಯಾಮ್ ವಿಭಾಗದಲ್ಲಿ ಹುದುಗಿಹೋಗಬಹುದು. ಯಾವ ಕಡೆ ಎಂದು ತಿಳಿಯದೆ ದುರಸ್ತಿಗೆ ಕೈಹಾಕಿದರೆ ಹಣ, ಕಾಲ ಎರಡೂ ವ್ಯರ್ಥ.

ಮೊದಲು ಮೇಜಿನ ಮೇಲೆಯೇ ಮಾಡಬಹುದಾದ ಪರೀಕ್ಷೆ

ಫಾರಂನ ಪತ್ರಗಳು ಯಾವ ವಿಳಾಸಕ್ಕೆ ಹೋಗುವಂತೆ ಬರೆಯಲಾಗಿದೆ ಎಂಬುದನ್ನು ಮೊದಲು ಕೇಳಿ ತಿಳಿಯತಕ್ಕದ್ದು. ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟುಹೋದ ಗುಮಾಸ್ತರ ವಿಳಾಸವೇ ಅಲ್ಲಿ ಇನ್ನೂ ಇರುವುದು ಅಪರೂಪವಲ್ಲ. ಬಳಿಕ ಸ್ಪ್ಯಾಮ್ ವಿಭಾಗವನ್ನು ತೆರೆದು ನೋಡಬೇಕು. ಜಿಮೇಲ್‌ನಲ್ಲಿ ಸ್ಪ್ಯಾಮ್ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುವುದರಿಂದ ಈ ನೋಟಕ್ಕೆ ತಡಮಾಡಬಾರದು. ಅಂಚೆಪೆಟ್ಟಿಗೆ ತುಂಬಿದೆಯೇ ಎಂಬುದನ್ನೂ ನೋಡುವುದು ಒಳಿತು. ಜಿಮೇಲ್ ಉಚಿತ ಖಾತೆಯ 15 ಗಿಗಾಬೈಟ್ ಜಾಗವು ಚಿತ್ರ, ಕಡತಗಳಿಗೂ ಸೇರಿದ್ದೆಂಬುದು ಅನೇಕರಿಗೆ ನೆನಪಿರುವುದಿಲ್ಲ.

ಇಷ್ಟರಲ್ಲಿ ಕಾರಣ ಸಿಗದಿದ್ದರೆ, ಫಾರಂನ ಪತ್ರವು ಏಕಕಾಲಕ್ಕೆ ಎರಡು ವಿಳಾಸಗಳಿಗೆ ಹೋಗುವಂತೆ ವಿನ್ಯಾಸಕಾರರಿಂದ ಮಾಡಿಸಬೇಕು. ಒಂದು ತಮ್ಮ ಕಂಪನಿಯ ಸ್ವಂತ ಡೊಮೈನ್‌ನ ವಿಳಾಸ, ಇನ್ನೊಂದು ಹೊರಗಿನ ಯಾವುದಾದರೂ ಜಿಮೇಲ್ ವಿಳಾಸ. ಎರಡಕ್ಕೂ ಬಾರದಿದ್ದರೆ ಪತ್ರವು ಸರ್ವರಿನಿಂದ ಹೊರಡುತ್ತಲೇ ಇಲ್ಲ, ಇಲ್ಲವೆ ಹೋದೆಡೆಯಲ್ಲೆಲ್ಲ ತಿರಸ್ಕೃತವಾಗುತ್ತಿದೆ. ಕಂಪನಿಯ ವಿಳಾಸಕ್ಕೆ ಬಂದು ಜಿಮೇಲ್‌ಗೆ ಬಾರದಿದ್ದರೆ ಕಳುಹಿಸುವವರ ಗುರುತಿನಲ್ಲಿ ದೋಷವಿದೆ. ಜಿಮೇಲ್‌ಗೆ ಬಂದು ಕಂಪನಿಯ ವಿಳಾಸಕ್ಕೆ ಬಾರದಿದ್ದರೆ? ನಮ್ಮ ವಿನ್ಯಾಸಕಾರರಿಗೆ ಕಂಡದ್ದು ಇದರ ಅರ್ಧ ಭಾಗ.

ತನ್ನ ಮನೆಯಲ್ಲೇ ಇಟ್ಟುಕೊಂಡ ಪತ್ರ

ಇ-ಮೇಲ್ ಸೇವೆಯನ್ನು ಬೇರೆ ಕಂಪನಿಗೆ ವರ್ಗಾಯಿಸಿದಾಗ, ಡೊಮೈನ್‌ನ ಡಿ.ಎನ್.ಎಸ್. ದಾಖಲೆಗಳಲ್ಲಿ ಎಂ.ಎಕ್ಸ್. ಎಂಬ ಸಾಲನ್ನು ಬದಲಾಯಿಸುತ್ತಾರೆ. ‘ಈ ಡೊಮೈನ್‌ಗೆ ಬರುವ ಪತ್ರಗಳನ್ನು ಇಂಥ ಸರ್ವರಿಗೆ ಕೊಡಿ’ ಎಂದು ಜಗತ್ತಿಗೆ ಸಾರುವ ಫಲಕವದು. ಜಗತ್ತಿನ ಇತರ ಸರ್ವರುಗಳೆಲ್ಲ ಆ ಫಲಕವನ್ನು ಓದಿ ಹೊಸ ವಿಳಾಸಕ್ಕೆ ಪತ್ರ ಕೊಡುತ್ತವೆ. ಆದರೆ ಜಾಲತಾಣವಿರುವ ಹಳೆಯ ಸರ್ವರು ಮಾತ್ರ ‘ಈ ಡೊಮೈನ್ ನನ್ನದೇ, ಇದರ ಅಂಚೆಪೆಟ್ಟಿಗೆಯೂ ನನ್ನಲ್ಲಿಯೇ ಇದೆ’ ಎಂದು ಭಾವಿಸಿಕೊಂಡಿದ್ದರೆ ಫಲಕವನ್ನು ನೋಡುವುದೇ ಇಲ್ಲ. ಫಾರಂನಿಂದ ಬಂದ ಪತ್ರವನ್ನು ತನ್ನೊಳಗಿನ ಹಳೆಯ ಪೆಟ್ಟಿಗೆಗೇ ಹಾಕಿಬಿಡುತ್ತದೆ. ಪತ್ರ ‘ತಲುಪಿದ’ ಕಾರಣ ದೋಷದ ವರದಿಯೂ ಏಳುವುದಿಲ್ಲ. ಹಳೆಯ ಪೆಟ್ಟಿಗೆಯನ್ನು ಅಳಿಸಿದ್ದರೆ ‘ಇಂಥ ಬಳಕೆದಾರರಿಲ್ಲ’ ಎಂಬ ತಿರಸ್ಕಾರ ಪತ್ರವಾದರೂ ಹುಟ್ಟುತ್ತಿತ್ತು. ನಾವು ಎಚ್ಚರಿಕೆಗಾಗಿ ಅದನ್ನು ಉಳಿಸಿಕೊಂಡಿದ್ದೆವು!

ಇದರ ಪರಿಹಾರ ಒಂದು ನಿಮಿಷದ ಕೆಲಸ. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿ-ಪ್ಯಾನೆಲ್ ನಿಯಂತ್ರಣ ಫಲಕದಲ್ಲಿ ‘ಇ-ಮೇಲ್ ರೂಟಿಂಗ್’ ಎಂಬ ಭಾಗವಿದೆ. ಅಲ್ಲಿ ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ ಎಂದಿರುವುದನ್ನು ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಎಂದು ಬದಲಿಸಿದರೆ ಹಳೆಯ ಸರ್ವರೂ ಫಲಕವನ್ನು ಓದಲಾರಂಭಿಸುತ್ತದೆ. ಹಾಗೆ ಬದಲಿಸುವ ಮುನ್ನ ಅದೇ ಸರ್ವರಿನ ವೆಬ್‌ಮೇಲ್ ತೆರೆದು ಹಳೆಯ ಪೆಟ್ಟಿಗೆಯನ್ನು ನೋಡಲು ಮರೆಯಬಾರದು. ನಾವು ತೆರೆದಾಗ ಅಲ್ಲಿ 47 ಪತ್ರಗಳಿದ್ದವು. ಬಹುಪಾಲು ಜಾಹೀರಾತು, ಕೆಲವು ಉದ್ಯೋಗದ ಅರ್ಜಿ, ಹನ್ನೊಂದು ನಿಜವಾದ ವಿಚಾರಣೆಗಳು. ಪುಣೆಯವರ ಮೂರು ಪತ್ರಗಳೂ ಸಾಲಾಗಿ ಕುಳಿತಿದ್ದವು. ಮೂರನೆಯದರಲ್ಲಿ ಸೌಜನ್ಯ ಸ್ವಲ್ಪ ಕಡಿಮೆಯಾಗಿತ್ತು.

ಇನ್ನೊಬ್ಬರ ಹೆಸರಿನಲ್ಲಿ ರುಜು

ಎರಡನೆಯ ಸಾಮಾನ್ಯ ದೋಷ ‘ಫ್ರಂ’ ಎಂಬ ಸ್ಥಾನದಲ್ಲಿರುತ್ತದೆ. ಉತ್ತರ ಬರೆಯಲು ಸುಲಭವಾಗಲೆಂದು, ಗ್ರಾಹಕರು ತುಂಬಿದ ವಿಳಾಸವನ್ನೇ ಕಳುಹಿಸುವವರ ವಿಳಾಸವಾಗಿ ತೋರಿಸುವಂತೆ ಹಿಂದಿನ ಫಾರಂಗಳನ್ನು ಬರೆಯುತ್ತಿದ್ದರು. ನೋಡುವುದಕ್ಕೆ ಅನುಕೂಲವೇ. ಆದರೆ ಯೋಚಿಸಿರಿ: ಪತ್ರವು ಹೊರಟದ್ದು ನಮ್ಮ ಬಾಡಿಗೆ ಸರ್ವರಿನಿಂದ, ಅದರ ಮೇಲಿರುವ ಹೆಸರು ಯಾಹೂ ಅಥವಾ ಜಿಮೇಲ್ ಖಾತೆಯ ಗ್ರಾಹಕರದು. ಸ್ವೀಕರಿಸುವ ಕಂಪನಿಯ ಕಣ್ಣಿಗೆ ಇದು ನಕಲಿ ರುಜುವೇ ಸರಿ.

ಇ-ಮೇಲ್ ಸಾಗಣೆಯ ಮೂಲ ನಿಯಮವಾದ ಎಸ್.ಎಂ.ಟಿ.ಪಿ. ರೂಪುಗೊಂಡದ್ದು 1982ರಲ್ಲಿ. ಆಗಿನ ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳವರು. ಹೀಗಾಗಿ ಲಕೋಟೆಯ ಮೇಲೆ ಯಾರ ಹೆಸರನ್ನು ಬರೆದರೂ ಕೇಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಏರ್ಪಟ್ಟು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾದ ನಮ್ಮ ಮೈಸೂರು ಅಂಚೆಯ ನಗರದಲ್ಲಿ ಕುಳಿತು ನೋಡಿದರೆ ಇದು ವಿಚಿತ್ರವೆನಿಸುತ್ತದೆ. ಅರಮನೆಯ ಮುದ್ರೆಯನ್ನು ಯಾರು ಬೇಕಾದರೂ ಒತ್ತಿ ಪತ್ರ ಕಳುಹಿಸಬಹುದಾದ ಅಂಚೆ ಎಷ್ಟು ದಿನ ನಡೆದೀತು? ಸ್ಪ್ಯಾಮ್ ಮತ್ತು ವಂಚನೆಯ ಪತ್ರಗಳು ಹೆಚ್ಚಿದ ಮೇಲೆ ಮುದ್ರೆಯನ್ನು ಪರೀಕ್ಷಿಸುವ ಏರ್ಪಾಡುಗಳು ಒಂದೊಂದಾಗಿ ಬಂದವು.

ಅವುಗಳಲ್ಲಿ ಮೊದಲನೆಯದಾದ ಎಸ್.ಪಿ.ಎಫ್. 2006ರಲ್ಲಿ ಪ್ರಕಟವಾಯಿತು. ‘ನಮ್ಮ ಡೊಮೈನ್ ಹೆಸರಿನಲ್ಲಿ ಪತ್ರ ಕಳುಹಿಸಲು ಇಂತಿಂಥ ಸರ್ವರುಗಳಿಗೆ ಮಾತ್ರ ಅಧಿಕಾರವಿದೆ’ ಎಂದು ಡಿ.ಎನ್.ಎಸ್.ನಲ್ಲಿ ಬರೆದಿಡುವ ಪಟ್ಟಿ ಇದು. 2007ರಲ್ಲಿ ಬಂದ ಡಿ.ಕೆ.ಐ.ಎಂ. ಎಂಬುದು ಪ್ರತಿಯೊಂದು ಪತ್ರಕ್ಕೂ ಸರ್ವರು ಒತ್ತುವ ಗಣಿತೀಯ ಮುದ್ರೆ. ದಾರಿಯಲ್ಲಿ ಒಕ್ಕಣೆ ಬದಲಾದರೆ ಮುದ್ರೆ ಹೊಂದುವುದಿಲ್ಲ. 2012ರಲ್ಲಿ ಪ್ರಕಟವಾದ ಡಿಮಾರ್ಕ್ ಇವೆರಡನ್ನೂ ‘ಫ್ರಂ’ ಸ್ಥಾನದ ಹೆಸರಿಗೆ ಕಟ್ಟಿಹಾಕಿ, ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಡೊಮೈನ್ ಒಡೆಯರೇ ಸೂಚಿಸಲು ಅವಕಾಶ ಕೊಟ್ಟಿತು. 2014ರ ಏಪ್ರಿಲ್‌ನಲ್ಲಿ ಯಾಹೂ ಕಂಪನಿಯು ತನ್ನ ಹೆಸರಿನಲ್ಲಿ ಬೇರೆಡೆಯಿಂದ ಬರುವ ಪತ್ರಗಳನ್ನು ತಿರಸ್ಕರಿಸಿರೆಂದು ಈ ಮೂಲಕ ಸಾರಿತು. ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದ ಫಾರಂಗಳಿಂದ ಯಾಹೂ ಗ್ರಾಹಕರ ಪತ್ರಗಳು ಮಾತ್ರ ಮಾಯವಾಗತೊಡಗಿದವು. 2024ರ ಫೆಬ್ರವರಿಯಿಂದ ಗೂಗಲ್ ಕಂಪನಿಯು, ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಎಲ್ಲರಿಗೂ ಎಸ್.ಪಿ.ಎಫ್. ಅಥವಾ ಡಿ.ಕೆ.ಐ.ಎಂ. ಒಂದಾದರೂ ಇರಬೇಕೆಂದೂ, ದಿನಕ್ಕೆ 5000 ಪತ್ರಗಳನ್ನು ಮೀರುವವರಿಗೆ ಡಿಮಾರ್ಕ್ ಸಹಿತ ಮೂರೂ ಇರಬೇಕೆಂದೂ ವಿಧಿಸಿತು. ಜಿಮೇಲ್ ಹೆಸರನ್ನು ‘ಫ್ರಂ’ನಲ್ಲಿ ಎರವಲು ಪಡೆಯಬಾರದೆಂಬ ಎಚ್ಚರಿಕೆಯೂ ಅದೇ ನಿಯಮಗಳಲ್ಲಿದೆ. “ಹತ್ತು ವರ್ಷದಿಂದ ಮುಟ್ಟಿಯೇ ಇಲ್ಲ, ಈಗ ಹೇಗೆ ಕೆಟ್ಟಿತು?” ಎಂದು ಕೇಳುವ ಸದಸ್ಯರಿಗೆ ಉತ್ತರ ಇದೇ. ಫಾರಂ ಕೆಟ್ಟಿಲ್ಲ, ಬಾಗಿಲು ಕಾಯುವವರ ನಿಯಮ ಬದಲಾಗಿದೆ.

ಆದ್ದರಿಂದ ‘ಫ್ರಂ’ ಸ್ಥಾನದಲ್ಲಿ ಸದಾ ತಮ್ಮ ಸ್ವಂತ ಡೊಮೈನ್‌ನ ನಿಜವಾದ ವಿಳಾಸವೇ ಇರತಕ್ಕದ್ದು. ಗ್ರಾಹಕರ ವಿಳಾಸವನ್ನು ‘ರಿಪ್ಲೈ-ಟು’ ಎಂಬ ಸ್ಥಾನದಲ್ಲಿ ಹಾಕಿಸಬೇಕು. ಆಗ ಉತ್ತರದ ಗುಂಡಿ ಒತ್ತಿದರೆ ಪತ್ರ ಗ್ರಾಹಕರಿಗೇ ಹೋಗುತ್ತದೆ. ವರ್ಡ್‌ಪ್ರೆಸ್ ತಾಣಗಳು ಬೇರೆ ಸೂಚನೆ ಕೊಡದಿದ್ದರೆ ‘ವರ್ಡ್‌ಪ್ರೆಸ್’ ಎಂಬ ಹೆಸರನ್ನೇ ಡೊಮೈನ್‌ಗೆ ಜೋಡಿಸಿ ಕಳುಹಿಸುತ್ತವೆ. ಅಂಥ ಪೆಟ್ಟಿಗೆ ನಮ್ಮಲ್ಲಿ ಇರುವುದಿಲ್ಲವಾದ್ದರಿಂದ, ತಿರಸ್ಕೃತವಾದ ಪತ್ರದ ವರದಿಯೂ ನಮಗೆ ಸಿಗುವುದಿಲ್ಲ.

ಎಸ್.ಪಿ.ಎಫ್. ಪಟ್ಟಿಯಲ್ಲಿ ನಾವು ಮಾಡುವ ತಪ್ಪುಗಳು ಎರಡು. ಹೊಸ ಇ-ಮೇಲ್ ಕಂಪನಿಯನ್ನು ಬರೆದು, ಜಾಲತಾಣದ ಸರ್ವರನ್ನು ಬಿಟ್ಟುಬಿಡುವುದು ಒಂದು. ಹಳೆಯ ಸಾಲಿಗೆ ಸೇರಿಸುವ ಬದಲು ಎರಡನೆಯ ಎಸ್.ಪಿ.ಎಫ್. ಸಾಲನ್ನೇ ಬರೆಯುವುದು ಇನ್ನೊಂದು. ಒಂದು ಡೊಮೈನ್‌ಗೆ ಒಂದೇ ಸಾಲು ಇರಬೇಕು, ಎರಡಿದ್ದರೆ ಎರಡೂ ಅಸಿಂಧು. ಸರಿಯಾಗಿದೆಯೇ ಎಂದು ತಿಳಿಯಲು ತಂತ್ರಜ್ಞರೇ ಬೇಕೆಂದಿಲ್ಲ. ಫಾರಂನಿಂದ ಜಿಮೇಲ್‌ಗೆ ಬಂದ ಪರೀಕ್ಷಾ ಪತ್ರವನ್ನು ಗಣಕಯಂತ್ರದಲ್ಲಿ ತೆರೆದು, ಬಲಬದಿಯ ಮೂರು ಚುಕ್ಕೆಗಳನ್ನು ಒತ್ತಿ ‘ಶೋ ಒರಿಜಿನಲ್’ ಎಂಬುದನ್ನು ಆರಿಸಿದರೆ ಮೂರು ಪರೀಕ್ಷೆಗಳ ಫಲಿತಾಂಶವೂ ಮೇಲ್ಭಾಗದಲ್ಲಿಯೇ ‘ಪಾಸ್’ ಅಥವಾ ‘ಫೇಲ್’ ಎಂದು ಕಾಣುತ್ತದೆ.

ಬಾಡಿಗೆ ಸರ್ವರಿನ ನೆರೆಹೊರೆ

ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರಿನಲ್ಲಿ ನೂರಾರು ತಾಣಗಳು ಇರುತ್ತವೆ. ಅವುಗಳಲ್ಲಿ ಒಂದು ಸ್ಪ್ಯಾಮ್ ಕಳುಹಿಸಿದರೂ ಆ ಸರ್ವರಿನ ಅಂಕಿ ವಿಳಾಸವು ಸ್ಪ್ಯಾಮ್‌ಹೌಸ್‌ನಂತಹ ಸಂಸ್ಥೆಗಳ ಕಪ್ಪುಪಟ್ಟಿ ಸೇರಿ, ನಿರಪರಾಧಿಗಳ ಪತ್ರವೂ ತಡೆಹಿಡಿಯಲ್ಪಡುತ್ತದೆ. ಇದಕ್ಕೆ ಸರಿಯಾದ ಉಪಾಯವೆಂದರೆ ಫಾರಂನ ಪತ್ರವನ್ನು ಆ ಸರ್ವರಿನ ಅಂಚೆ ವಿಭಾಗಕ್ಕೆ ಕೊಡದೆ, ತಮ್ಮ ಇ-ಮೇಲ್ ಕಂಪನಿಯ ಸರ್ವರಿಗೆ ಹೆಸರು, ಗುಪ್ತಪದಗಳೊಡನೆ ಪ್ರವೇಶಿಸಿ ಅಲ್ಲಿಂದಲೇ ಕಳುಹಿಸುವಂತೆ ಮಾಡುವುದು. ಎಸ್.ಎಂ.ಟಿ.ಪಿ. ಮೂಲಕ ಕಳುಹಿಸುವ ವ್ಯವಸ್ಥೆಯೆಂದು ವಿನ್ಯಾಸಕಾರರಿಗೆ ಹೇಳಿದರೆ ತಿಳಿಯುತ್ತದೆ. 587 ಅಥವಾ 465 ಸಂಖ್ಯೆಯ ಪೋರ್ಟನ್ನು ಬಳಸಬೇಕು. 25ನೆಯದನ್ನು ಅನೇಕ ಹೋಸ್ಟಿಂಗ್ ಕಂಪನಿಗಳು ಹೊರಹೋಗುವ ಪತ್ರಗಳಿಗೆ ಮುಚ್ಚಿರುತ್ತವೆ. ಸಾಮಾನ್ಯ ಜಿಮೇಲ್ ಖಾತೆಯನ್ನು ಹೀಗೆ ಬಳಸುವವರು ನೆನಪಿಡಬೇಕಾದ ಸಂಗತಿಯೊಂದಿದೆ. 2022ರ ಮೇ ತಿಂಗಳ ಕೊನೆಯಿಂದ ಗೂಗಲ್ ಅಲ್ಲಿ ಖಾತೆಯ ಸಾಮಾನ್ಯ ಗುಪ್ತಪದವನ್ನು ಒಪ್ಪುತ್ತಿಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲನೆಗೊಳಿಸಿ, ‘ಆ್ಯಪ್ ಪಾಸ್‌ವರ್ಡ್’ ಎಂಬ ಪ್ರತ್ಯೇಕ ಗುಪ್ತಪದವನ್ನು ಪಡೆಯಬೇಕು. ಖಾತೆಯ ಮುಖ್ಯ ಗುಪ್ತಪದವನ್ನು ಬದಲಿಸಿದರೆ ಇದೂ ರದ್ದಾಗುತ್ತದೆ. ಹಾಗಾಗಿ ಗುಪ್ತಪದ ಬದಲಿಸಿದ ದಿನವೇ ಫಾರಂ ಮೂಕವಾಗುವುದುಂಟು.

ಕಂಪನಿಯ ವಿಳಾಸಕ್ಕೆ ಬಂದ ಪತ್ರವನ್ನು ತಾನಾಗಿ ಸ್ವಂತ ಜಿಮೇಲ್‌ಗೆ ರವಾನಿಸುವ ‘ಫಾರ್ವರ್ಡ್’ ಏರ್ಪಾಡೂ ತೊಂದರೆಯ ಮೂಲವೇ. ರವಾನಿಸುವ ಸರ್ವರಿನ ಹೆಸರು ಮೂಲ ಕಳುಹಿಸುವವರ ಎಸ್.ಪಿ.ಎಫ್. ಪಟ್ಟಿಯಲ್ಲಿ ಇರುವುದಿಲ್ಲವಷ್ಟೆ. ಪೆಟ್ಟಿಗೆಯನ್ನು ಫೋನಿನಲ್ಲಿ ನೇರವಾಗಿ ತೆರೆಯುವುದು ಲೇಸು.

ತಿರಸ್ಕಾರ ಪತ್ರ ಬಂದಲ್ಲಿ ಅದನ್ನು ಓದದೆ ಅಳಿಸಬಾರದು. ಅದರಲ್ಲಿನ ಸಂಖ್ಯೆ 4ರಿಂದ ಆರಂಭವಾದರೆ ತೊಂದರೆ ತಾತ್ಕಾಲಿಕ, ಸರ್ವರು ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಆರಂಭವಾದರೆ ಶಾಶ್ವತ ನಿರಾಕರಣೆ. 550 ಎಂಬುದರ ಜೊತೆ 5.7.26 ಎಂದಿದ್ದರೆ ಅದು ಜಿಮೇಲ್ ‘ತಮ್ಮ ಗುರುತು ರುಜುವಾತಾಗಲಿಲ್ಲ’ ಎನ್ನುವ ರೀತಿ. ಆ ಒಂದು ಸಾಲನ್ನು ವಿನ್ಯಾಸಕಾರರಿಗೆ ಕಳುಹಿಸಿದರೆ, “ಮೇಲ್ ಬರುತ್ತಿಲ್ಲ” ಎಂದು ಹತ್ತು ಬಾರಿ ಫೋನ್ ಮಾಡುವುದಕ್ಕಿಂತ ಬೇಗ ಕೆಲಸವಾಗುತ್ತದೆ.

ಇ-ಮೇಲ್ ಒಂದನ್ನೇ ನಂಬದಿರುವುದು

ಫಾರಂ ಮೂಲಕ ಬಂದ ಪ್ರತಿಯೊಂದು ಸಂದೇಶದ ಪ್ರತಿಯೂ ತಾಣದ ದತ್ತಾಂಶ ಸಂಗ್ರಹದಲ್ಲಿ ಉಳಿಯುವಂತೆ ಮಾಡಿಸುವುದು, ಈ ಲೇಖಕನ ಅಭಿಪ್ರಾಯದಲ್ಲಿ, ಮೇಲಿನ ಎಲ್ಲಕ್ಕಿಂತ ಮುಖ್ಯ. ಕ್ಯಾಷ್ ಬಿಲ್ಲಿನ ಕಾರ್ಬನ್ ಪ್ರತಿಯಿದ್ದಂತೆ ಇದು. ವರ್ಡ್‌ಪ್ರೆಸ್ ತಾಣಗಳಲ್ಲಿ ಬಹಳ ಬಳಕೆಯಲ್ಲಿರುವ ‘ಕಾಂಟ್ಯಾಕ್ಟ್ ಫಾರಂ 7’ ತಾನಾಗಿ ಪ್ರತಿಯನ್ನು ಇಟ್ಟುಕೊಳ್ಳುವುದಿಲ್ಲ. ‘ಫ್ಲೆಮಿಂಗೊ’ ಎಂಬ ಉಚಿತ ಜೋಡಣೆಯನ್ನು ಸೇರಿಸಿದರೆ ಇಟ್ಟುಕೊಳ್ಳುತ್ತದೆ. ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆಗಳು ಅಲ್ಲಿ ಸೇರುವುದರಿಂದ ಆ ಸಂಗ್ರಹಕ್ಕೆ ಪ್ರವೇಶ ಯಾರಿಗಿದೆಯೆಂಬ ಎಚ್ಚರ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆ ಸಂಸತ್ತು 2023ರಲ್ಲಿಯೇ ಕಾಯ್ದೆಯನ್ನು ಅಂಗೀಕರಿಸಿದೆ.

ಡೊಮೈನ್ ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಇದೇ ಸಂದರ್ಭದಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಹಲವು ಅಂಗಡಿಗಳ ಡೊಮೈನ್‌ಗಳು ವಿನ್ಯಾಸಕಾರರ ಸ್ವಂತ ಖಾತೆಯಲ್ಲಿರುತ್ತವೆ. ಅವರು ಊರು ಬಿಟ್ಟರೆ ಡಿ.ಎನ್.ಎಸ್.ನಲ್ಲಿ ಒಂದು ಸಾಲನ್ನು ತಿದ್ದಿಸುವುದಕ್ಕೂ ಪರದಾಡಬೇಕಾಗುತ್ತದೆ. ಅಂಗಡಿಯ ಬಾಡಿಗೆ ಕರಾರನ್ನು ಇನ್ನೊಬ್ಬರ ಹೆಸರಿನಲ್ಲಿ ಬರೆಸುವವರು ನಮ್ಮಲ್ಲಿ ಯಾರಿದ್ದಾರೆ?

ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಹನ್ನೊಂದು ಮಂದಿಗೂ ನಾವು ಕ್ಷಮೆ ಕೋರಿ, ಕಾರಣವನ್ನು ಮುಚ್ಚಿಡದೆ ಬರೆದೆವು. ನಾಲ್ವರು ಉತ್ತರಿಸಿದರು. ಚೆನ್ನೈನ ಒಂದು ಹೋಟೆಲಿನವರು ಗೋಡೆಗೆ ತೂಗುಹಾಕುವ ಎಂಟು ಫಲಕಗಳನ್ನು ಕೊಂಡರು. ಪುಣೆಯವರು ಮರು ವರ್ಷ ಜುಲೈನಲ್ಲಿ ತಾವಾಗಿಯೇ ಫೋನ್ ಮಾಡಿ, ಈ ಬಾರಿ ನೂರ ಐವತ್ತು ಪೆಟ್ಟಿಗೆಗಳನ್ನು ಕೇಳಿದರು. ಫಾರಂ ತುಂಬಲಿಲ್ಲ. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಅಂಗಡಿ ತೆರೆದೊಡನೆ ನಮ್ಮ ಗುಮಾಸ್ತರು ತಮ್ಮ ಸ್ವಂತ ಫೋನಿನಿಂದ ಫಾರಂನಲ್ಲಿ ಒಂದು ವಿಚಾರಣೆಯನ್ನು ಬರೆಯುತ್ತಾರೆ. ಅದು ಬಂದು ಸೇರಿದ ವೇಳೆಯನ್ನು ದಿನಚರಿ ಪುಸ್ತಕದಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಅಂದಿನ ಬೆಳಗಿನ ಕಾಫಿ.